ಕೆಂಪು ದಾರದ ಪಾತ್ರೆ

ನನ್ನ ತಂಗಿಯನ್ನು ಬೀದಿಯವರೆಲ್ಲ ಮಿಲ್ಲಿನಮ್ಮ ಎನ್ನುತ್ತಾರೆ. ಗಂಡನದು ಹಿಟ್ಟಿನ ಮಿಲ್ಲು. ಮುಂದೆ ಮಿಲ್ಲು, ಹಿಂದೆ ಎರಡು ಕೋಣೆ ಮತ್ತು ಒಂದು ಅಡುಗೆಮನೆ. ಮಧ್ಯದ ಬಾಗಿಲು ಮುಚ್ಚಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮುಚ್ಚಿದರೆ ಅವನಿಗೆ ಒಲೆಯ ಮೇಲಿನದರ ವಾಸನೆ ಹೋಗುವುದಿಲ್ಲ, ಇವಳಿಗೆ ಮೋಟಾರಿನ ಸದ್ದು ಕೇಳುವುದಿಲ್ಲ, ಇಬ್ಬರಿಗೂ ಕೈಕಾಲು ಆಡುವುದಿಲ್ಲ. ನಾನು ಅದೇ ಬೀದಿಯಲ್ಲಿ ಹೊಲಿಗೆಯವಳು. ನಾಲ್ಕು ಅಂಗಡಿ ಆಚೆ ನನ್ನ ಮೆಷಿನ್ನು.

ಮದುವೆಯಾಗಿ ಆ ಮನೆಗೆ ಹೋದಾಗ ಅವಳಿಗೆ ಅನ್ನ ಮಾಡಲೂ ಬರುತ್ತಿರಲಿಲ್ಲ. ನಮ್ಮಿಬ್ಬರದೂ ಅದೇ ಕಥೆ. ನಾನು ಇವತ್ತಿಗೂ ಮಾಡುವ ಅನ್ನವನ್ನು ಗೋಡೆಗೆ ಎಸೆದರೆ ಗೋಡೆಯಲ್ಲೇ ಉಳಿದುಕೊಳ್ಳುತ್ತದೆ. ಆದರೆ ಅವಳಿಗೆ ಅತ್ತೆ ಸಿಕ್ಕಿದರು. ಆಕೆ ನಲವತ್ತು ವರ್ಷ ಮಿಲ್ಲಿನ ಮನೆಯಲ್ಲಿ ಬಾಳಿದವರು. ಸೊಸೆಯನ್ನು ಮೊರದ ಮುಂದೆ ಕೂರಿಸಿಕೊಂಡು, ಒಂದೊಂದೇ ಕಾಳನ್ನು ಅವಳ ಬಾಯಿಗೆ ಹಾಕಿ ಕಚ್ಚಿಸಿದರು. ಕಟ್ ಎಂದು ಮುರಿದರೆ ಹಳೆಯದು, ನೀರು ಹೆಚ್ಚು ಬೇಕು. ಹಲ್ಲಿಗೆ ಮೆತ್ತಗೆ ಸಿಕ್ಕಿದರೆ ಹೊಸದು, ಕೈ ಹಿಡಿದು ನೀರು ಹಾಕು. ನವಣೆಯನ್ನು ಹುರಿಯುವಾಗ ವಾಸನೆ ನೋಡು, ಜೋಳದ ಹಿಟ್ಟಿಗೆ ಕುದಿಯುವ ನೀರು ಬಿಟ್ಟು ನಾದು, ಅಕ್ಕಿಯನ್ನು ಮೂರನೆಯ ಸಲ ತೊಳೆದ ನೀರನ್ನು ಚೆಲ್ಲಬೇಡ. ಮೂರು ವರ್ಷದೊಳಗೆ ನನ್ನ ತಂಗಿ ಪಾತ್ರೆಯ ಮುಚ್ಚಳ ತೆಗೆಯದೆ, ಸದ್ದಿನಲ್ಲೇ ಅನ್ನ ಬೆಂದಿದೆಯೋ ಇಲ್ಲವೋ ಹೇಳುವಷ್ಟಾದಳು. ಅಡುಗೆಮನೆಯ ಗೋಡೆಗೂಡಿನಲ್ಲಿ ಹನ್ನೊಂದು ಡಬ್ಬಗಳು, ಹನ್ನೊಂದು ಬಗೆಯ ಧಾನ್ಯ. ಅವಳ ಆಸ್ತಿ ಅಷ್ಟೇ. ಅದರ ಬಗ್ಗೆ ಅವಳಿಗಿದ್ದ ಜಂಬ ಮಾತ್ರ ಬಂಗಲೆಯವರಿಗೂ ಇರಲಿಕ್ಕಿಲ್ಲ.

ಅವಳಿಗೆ ಒಬ್ಬಳೇ ಮಗಳು. ಮೊರದ ಅಂಚಿನಿಂದ ಕಾಳು ಹೆಕ್ಕಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದುದರಿಂದ ಅಜ್ಜಿಯೇ ಗುಬ್ಬಿ ಎಂದು ಹೆಸರಿಟ್ಟಿದ್ದರು. ಆ ಗುಬ್ಬಿ ಬೆಳೆಯುತ್ತಿಲ್ಲ ಎಂದು ಮೊದಲು ಕಂಡುಕೊಂಡವಳು ನಾನು, ನನ್ನ ಟೇಪು. ಪ್ರತಿ ವರ್ಷ ಅವಳ ಹುಟ್ಟಿದ ದಿನಕ್ಕೆ ಒಂದು ಫ್ರಾಕು ಹೊಲಿಯುತ್ತೇನೆ, ಅಳತೆ ಪುಸ್ತಕದಲ್ಲಿ ಬರೆದಿಡುತ್ತೇನೆ. ಐದು ತುಂಬಿದಾಗ ಉದ್ದ ಇಪ್ಪತ್ತೆರಡು ಇಂಚು. ಆರು ತುಂಬಿದಾಗಲೂ ಇಪ್ಪತ್ತೆರಡು. ಎದೆಯ ಸುತ್ತಳತೆ ಇನ್ನೂ ಅರ್ಧ ಇಂಚು ಕಡಿಮೆ. ಟೇಪನ್ನು ತಪ್ಪು ಹಿಡಿದೆನೇನೋ ಎಂದು ಮೂರು ಸಲ ಹಿಡಿದೆ. ಹೊಟ್ಟೆ ಮಾತ್ರ ಉಬ್ಬಿಕೊಂಡಿತ್ತು, ಕೈಕಾಲು ಕಡ್ಡಿ. ದಿನಕ್ಕೆ ಐದಾರು ಸಲ ಹೊಟ್ಟೆ ಹಿಡಿದುಕೊಂಡು ಕಕ್ಕಸಿಗೆ ಓಡುತ್ತಿದ್ದಳು. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು.

ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು, ಗಂಟಲೊಳಗೆ ಕೊಳವೆ ಇಳಿಸಿ ಕರುಳಿನ ಚೂರು ತೆಗೆಸಿ ನೋಡಿದರು. ಮಗುವಿಗೆ ಗೋಧಿ ಆಗುವುದಿಲ್ಲ, ಬಾರ್ಲಿಯೂ ಆಗುವುದಿಲ್ಲ, ತಿಂದರೆ ಅವಳ ಕರುಳು ತನ್ನನ್ನು ತಾನೇ ಕೆಡಿಸಿಕೊಳ್ಳುತ್ತದೆ ಎಂದರು. ಔಷಧಿ ಇಲ್ಲ, ತಿನ್ನದಿರುವುದೇ ಔಷಧಿ. ಒಂದು ಚಿಟಿಕೆ ಹಿಟ್ಟು ಕೂಡ ಒಳಗೆ ಹೋಗಬಾರದು, ಜೀವನಪೂರ್ತಿ. ತಂದೆಯ ಕೆಲಸ ಏನು ಎಂದು ಚೀಟಿ ಬರೆಯುವವರು ಕೇಳಿದಾಗ, ದೊಡ್ಡ ಆಸ್ಪತ್ರೆಯ ಗಾಜಿನಂತೆ ಹೊಳೆಯುವ ನೆಲ ನೋಡಿ ನಾಚಿಕೊಂಡ ನನ್ನ ತಂಗಿಯ ಗಂಡ, ಮಿಲ್ಲು ಎನ್ನದೆ, ಸ್ವಂತ ವ್ಯಾಪಾರ ಎಂದು ಬರೆಸಿದ. ಆ ಎರಡು ಪದಗಳನ್ನು ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಮನೆಗೆ ಬಂದವಳೇ ತಂಗಿ ಗೋಧಿಯ ಡಬ್ಬವನ್ನು ಎತ್ತಿ ಹೊರಗಿಟ್ಟಳು. ಹಳೆಯ ಪಾತ್ರೆಗಳಲ್ಲಿ ಗೋಧಿ ಬೆಂದಿದೆಯಲ್ಲ ಎಂದು ಗುಬ್ಬಿಗೆಂದೇ ಒಂದು ತಪ್ಪಲೆ, ಒಂದು ಹೆಂಚು, ಒಂದು ಸೌಟು, ಒಂದು ತಟ್ಟೆ ಹೊಸದಾಗಿ ತಂದಳು. ಬೇರೆಯದರ ಜೊತೆ ಬೆರೆಯಬಾರದು ಎಂದು ನಾನು ನನ್ನ ಉಂಡೆಯಿಂದ ದಪ್ಪ ಕೆಂಪು ದಾರ ಕತ್ತರಿಸಿ ಎಲ್ಲದರ ಕಿವಿಗೂ ಹಿಡಿಗೂ ಕಟ್ಟಿದೆ. ಕೆಂಪು ದಾರ ಇಲ್ಲದ್ದನ್ನು ಮುಟ್ಟಬೇಡ ಎಂದು ಗುಬ್ಬಿಗೆ ಹೇಳಿದೆವು. ಅವಳು ಎಷ್ಟು ಜಾಣೆಯೆಂದರೆ, ನನ್ನ ಅಂಗಡಿಯಲ್ಲಿ ನೀರು ಕೊಟ್ಟರೂ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, “ದೊಡ್ಡಮ್ಮ, ದಾರ ಎಲ್ಲಿ?” ಎನ್ನುತ್ತಿದ್ದಳು.

ಗಂಡನೂ ಕೈಕಟ್ಟಿ ಕೂರಲಿಲ್ಲ. ನಮ್ಮದೇ ಮಿಲ್ಲಿದೆ, ನನ್ನ ಮಗಳಿಗೆ ಯಾವ ಹಿಟ್ಟಿಗೆ ಬರ ಎಂದ. ಜೋಳ, ನವಣೆ, ಮೆಕ್ಕೆಜೋಳ, ಅಕ್ಕಿ, ಏನು ಬೇಕೋ ಅದು. ಇಡೀ ದಿನ ಹತ್ತಾರು ಜನರ ಡಬ್ಬ ಬರುತ್ತದೆ, ಅದರ ಮಧ್ಯೆ ಬೇಡ, ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಎಲ್ಲರಿಗಿಂತ ಮೊದಲು ಗುಬ್ಬಿಯದೇ ಬೀಸುತ್ತೇನೆ ಎಂದ. ಹಾಗೇ ನಡೆದುಕೊಂಡ. ಸ್ನಾನ ಮಾಡಿ ಬಂದು, ಕಲ್ಲಿನ ಬಾಯಿಯನ್ನು ಪೊರಕೆಯಿಂದ ಗುಡಿಸಿ, ಹಿಟ್ಟು ಇಳಿಯುವ ಬಟ್ಟೆಯ ಚೀಲವನ್ನು ಎರಡು ಸಲ ಕೊಡವಿ, ಮೊದಲನೆಯದಾಗಿ ಮಗಳ ಜೋಳವನ್ನು ಹಾಕುತ್ತಿದ್ದ. ಕೆಂಪು ದಾರ ಕಟ್ಟಿದ ಡಬ್ಬದಲ್ಲಿ ಬೆಚ್ಚನೆಯ ಹಿಟ್ಟನ್ನು ಹಿಡಿದು ಒಳಗೆ ತಂದುಕೊಡುವಾಗ ಅವನ ಮುಖ ನೋಡಬೇಕಿತ್ತು.

ತಂಗಿಯ ಅಡುಗೆ ಈಗ ಬೇರೆಯೇ ತಪಸ್ಸಾಯಿತು. ಗೋಧಿ ಹಿಟ್ಟು ಹೇಳಿದಂತೆ ಕೇಳುತ್ತದೆ, ಉಳಿದವು ಕೇಳುವುದಿಲ್ಲ. ಜೋಳದ ರೊಟ್ಟಿ ಗುಬ್ಬಿಯ ಕೈಯಲ್ಲಿ ಬಿರಿಯುತ್ತಿತ್ತು, ಮೆಕ್ಕೆಜೋಳದ್ದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನೀರು ಕುದಿಸಿ, ಹಿಟ್ಟು ಸುರಿದು, ಮುಚ್ಚಿಟ್ಟು, ಬೆರಳು ಸುಟ್ಟುಕೊಂಡು ನಾದಿದಳು. ನವಣೆಯ ಹಿಟ್ಟನ್ನು ಬಾಳೆಹಣ್ಣಿನ ಜೊತೆ ಕಲಸಿ ಹೆಂಚಿನ ಮೇಲೆ ಸಣ್ಣ ಸಣ್ಣದಾಗಿ ತಟ್ಟಿದಳು, ಅದನ್ನು ಮಾತ್ರ ಗುಬ್ಬಿ ಕೇಳಿ ಕೇಳಿ ತಿಂದಳು. ಎರಡು ತಿಂದಳು, ಇವತ್ತು ಮೂರು ತಿಂದಳು ಎಂದು ತಂಗಿ ನನ್ನ ಅಂಗಡಿಯವರೆಗೆ ಓಡಿ ಬಂದು ಹೇಳುತ್ತಿದ್ದಳು.

ಮೂರು ತಿಂದ ಮಗು ಮೂರನ್ನೂ ಉಳಿಸಿಕೊಳ್ಳಲಿಲ್ಲ. ಎರಡು ತಿಂಗಳಾದರೂ ಟೇಪು ಅಲ್ಲಾಡಲಿಲ್ಲ. ತಂಗಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಕಾಳಿನಲ್ಲೇ ಗೋಧಿ ಬೆರೆತಿದೆಯೇನೋ ಎಂದು ಜೋಳವನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಕಾಳು ಕಾಳಾಗಿ ಆರಿಸಿದಳು. ಇವತ್ತು ಜೋಳ ಬೇಡ ಎಂದಳು, ನಾಳೆ ಮೆಕ್ಕೆಜೋಳ ಬೇಡ ಎಂದಳು. ಉಳಿದ ಹತ್ತು ಡಬ್ಬಗಳ ಮೇಲೂ ಅವಳಿಗೆ ಅನುಮಾನ ಹುಟ್ಟಿತು. ಒಂದು ಮಧ್ಯಾಹ್ನ ನಾನು ಹೋದಾಗ ಅವಳು ಗೋಡೆಗೂಡಿನ ಮುಂದೆ ನಿಂತು, ಬೈಗುಳ ಕಲಿಯದ ಬಾಯಲ್ಲಿ ಆ ಡಬ್ಬಗಳನ್ನು ಬೈಯುತ್ತಿದ್ದಳು.

ಆಗ ಮಿಲ್ಲಿನ ಮೋಟಾರು ಸುಟ್ಟುಹೋಯಿತು. ರಿಪೇರಿಯವನು ಬಿಚ್ಚಿಕೊಂಡು ಹೋದವನು ಹತ್ತು ದಿನ ಪತ್ತೆಯಿಲ್ಲ. ಹಿಟ್ಟಿಲ್ಲದ್ದರಿಂದ ತಂಗಿ ಗುಬ್ಬಿಗೆ ಬರೀ ಅಕ್ಕಿ ಗಂಜಿ ಕಾಯಿಸಿದಳು, ಮೂರು ಹೊತ್ತೂ ಗಂಜಿಯೇ. ಅದೇ ಹತ್ತು ದಿನ ಅತ್ತೆ, ತಮ್ಮ ಮಗಳಿಗೆ ಜ್ವರ ಎಂದು ಅವಳ ಮನೆಗೆ ಹೋಗಿದ್ದರು. ಐದನೆಯ ದಿನಕ್ಕೆ ಗುಬ್ಬಿಯ ಭೇದಿ ನಿಂತಿತು. ಎಂಟನೆಯ ದಿನಕ್ಕೆ ಅವಳು ಬೀದಿಯಲ್ಲಿ ಓಡಿದಳು. ನಾನು ಮೆಷಿನ್ನು ಬಿಟ್ಟು ಎದ್ದು ನಿಂತು ನೋಡಿದೆ.

ಮೋಟಾರು ಬಂತು, ಅತ್ತೆಯೂ ಬಂದರು. ಬರೀ ಗಂಜಿಯಲ್ಲಿ ಶಕ್ತಿ ಎಲ್ಲಿಂದ ಬರಬೇಕು ಎಂದು ಅಪ್ಪ ಮತ್ತೆ ಬೆಳಗಿನ ಮೊದಲ ಹಿಟ್ಟು ಬೀಸಿದ. ನಾಲ್ಕೇ ದಿನ, ಮಗು ಮತ್ತೆ ಹಾಸಿಗೆ ಹಿಡಿಯಿತು. ಆ ಹತ್ತು ದಿನದಲ್ಲಿ ಮನೆಯಲ್ಲಿ ಇಲ್ಲದಿದ್ದುದು ಎರಡು. ನಾವು ಒಂದನ್ನೇ ನೋಡಿದೆವು. ಅದನ್ನು ಮೊದಲು ಬಾಯಿಬಿಟ್ಟು ಹೇಳಿದವಳು ತಂಗಿಯಲ್ಲ, ನಾನು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಗೆಲ್ಲ ಗೊತ್ತು. ನಿನ್ನ ಅತ್ತೆ ಮಂಚದ ಕೆಳಗೆ ಬಿಸ್ಕತ್ತಿನ ಡಬ್ಬ ಇಟ್ಟುಕೊಂಡಿದ್ದಾರೆ, ನೀನೇನು ಕಣ್ಣು ಮುಚ್ಚಿಕೊಂಡಿದ್ದೀಯಾ ಎಂದು ತಂಗಿಯನ್ನು ಕೇಳಿದೆ. ಅವಳು ಇಲ್ಲಕ್ಕಾ, ಅವರು ಹಾಗೆ ಮಾಡುವವರಲ್ಲ ಎಂದಳು. ಮರುದಿನ ಸುಮ್ಮನಿದ್ದಳು. ಅದರ ಮರುದಿನ ತಾನೇ ನನ್ನನ್ನು ಕರೆಯಲು ಬಂದಳು.

ಮಧ್ಯಾಹ್ನ ಮೂರು ಗಂಟೆ ಇರಬಹುದು. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೊರದಲ್ಲಿ ನವಣೆ ಆರಿಸುತ್ತಿದ್ದರು, ಮೊಮ್ಮಗಳಿಗೆಂದೇ. ನಾನು ಆಕೆಯ ಮಂಚದ ಕೆಳಗಿಂದ ಡಬ್ಬ ಎಳೆದು ತಂದು ಮುಂದಿಟ್ಟೆ. ಒಳಗೆ ಆರು ಬಿಸ್ಕತ್ತು, ಒಂದಿಷ್ಟು ಪುಡಿ.

“ಇದು ನಂದು ಕಣಮ್ಮ, ಚಹಾಗೆ ಅದ್ದಿಕೊಂಡು ತಿಂತೀನಿ,” ಎಂದರು. “ಮಗೂಗೆ ನಾನು ಕೊಟ್ಟಿಲ್ಲ.”

ಯಾವತ್ತೂ ಕೊಟ್ಟಿಲ್ಲವೇ ಎಂದೆ. ಕಾಯಿಲೆ ಗೊತ್ತಾಗುವ ಮುಂಚೆ ಕೊಟ್ಟಿದ್ದೆ ಎಂದರು. ಆಮೇಲೆ? ಇಲ್ಲ. ಚೆನ್ನಾಗಿ ನೆನಪಿದೆಯಾ? ಮೊನ್ನೆ ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡೇ ಮನೆಯೆಲ್ಲ ಹುಡುಕಿದಿರಲ್ಲ, ಒಂದೇ ಬೆಳಿಗ್ಗೆ ಎರಡು ಸಲ ಮಾತ್ರೆ ನುಂಗಿದಿರಲ್ಲ, ಇದೊಂದು ಮಾತ್ರ ಹೇಗೆ ನೆನಪಿರುತ್ತದೆ ಎಂದು ಕೇಳಿದೆ. ನೀವು ಇಲ್ಲದ ಹತ್ತು ದಿನ ಮಗು ಚೆನ್ನಾಗಿತ್ತು, ನೀವು ಬಂದಿರಿ, ಮಲಗಿತು, ಇದಕ್ಕೇನು ಹೇಳುತ್ತೀರಿ ಎಂದೆ. ಆಕೆಯ ಕೈ ಮೊರದ ಮೇಲೆ ನಿಂತುಹೋಯಿತು. ಸೊಸೆಯ ಮುಖ ನೋಡಿದರು. ತಂಗಿ ತಲೆ ತಗ್ಗಿಸಿದಳು.

ಆಕೆ ತಮಗೇ ಹೇಳಿಕೊಳ್ಳುವಂತೆ, “ಕೊಟ್ಟಿದ್ರೂ ಕೊಟ್ಟಿರಬಹುದು. ಕೇಳಿದ್ರೆ ಕೊಡದೆ ಇರೋ ಕೈ ಅಲ್ಲ ಇದು,” ಎಂದರು.

ನನಗೆ ಗೆದ್ದಂತಾಯಿತು. ನಾಚಿಕೆಗೇಡಿನ ಮಾತು, ಆದರೆ ಹಾಗೆಯೇ ಆಯಿತು. ಎಷ್ಟೋ ತಿಂಗಳಿನಿಂದ ಹುಡುಕುತ್ತಿದ್ದುದು ಸಿಕ್ಕಿತು, ಇನ್ನು ಮಗು ಉಳಿಯಿತು ಎಂದುಕೊಂಡೆ. ಸಂಜೆಯೊಳಗೆ ಅತ್ತೆ ಎರಡು ಸೀರೆ, ಒಂದು ಹೊದಿಕೆ ಕಟ್ಟಿಕೊಂಡರು. ಮಗ ಬಸ್ಸಿನವರೆಗೆ ಗಂಟು ಹೊತ್ತ. ಗುಬ್ಬಿ ಅಜ್ಜಿ ಎಲ್ಲಿಗೆ ಎಂದು ಕೇಳುತ್ತಲೇ ಇದ್ದಳು. ಆಕೆ ಹತ್ತಿರ ಬರಲಿಲ್ಲ, ಮುಟ್ಟಲಿಲ್ಲ, ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಹೋದರು.

ಈಗ ಮನೆಯಲ್ಲಿ ಅನುಮಾನಪಡಲು ಯಾರೂ ಇರಲಿಲ್ಲ. ಮೊದಲ ವಾರ ಇವತ್ತು ಸರಿಹೋಗುತ್ತದೆ, ನಾಳೆ ಸರಿಹೋಗುತ್ತದೆ ಎಂದು ಕಾದೆವು. ತಂಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಗಳನ್ನು ಕಾದಳು, ಶಾಲೆಗೂ ಕಳಿಸಲಿಲ್ಲ. ಎರಡನೆಯ ವಾರ ಗುಬ್ಬಿ ಏಳಲಿಲ್ಲ. ಮೂರನೆಯ ವಾರ ನವಣೆ ರೊಟ್ಟಿಯನ್ನು ಅಪ್ಪನ ಕೈಯಿಂದಲೇ ತಿನ್ನುತ್ತೇನೆ ಎಂದು ಹಟ ಮಾಡಿದಳು. ಅವನು ಮಿಲ್ಲಿನಿಂದ ಹಾಗೆಯೇ ಓಡಿ ಬಂದು, ಚೂರು ಮುರಿದು ಮುರಿದು ತಿನ್ನಿಸಿದ. ತಿಂದದ್ದೆಲ್ಲ ಹೊರಗೆ ಬಂತು, ಕಣ್ಣು ಮೇಲಾಯಿತು. ಅಪ್ಪ ಎತ್ತಿಕೊಂಡು ಓಡಿದ, ನಾವು ಹಿಂದೆ ಓಡಿದೆವು. ಎತ್ತಿಕೊಂಡವನಿಗೆ ಅವಳ ತೂಕವೇ ಇರಲಿಲ್ಲ ಎಂದು ಆಮೇಲೆ ಹೇಳಿದ.

ಡಾಕ್ಟರಮ್ಮ ಮಗುವಿನ ಕೈಗೆ ಗ್ಲೂಕೋಸು ಹಚ್ಚಿಸಿ, ನಮ್ಮನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಗದರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಿಗೆ ಏನೇನು ಹೋಗುತ್ತದೆ, ಯಾರ ಕೈಯಿಂದ, ಯಾವ ಪಾತ್ರೆಯಿಂದ, ಎಲ್ಲ ಹೇಳಿ ಎಂದರು. ತಂಗಿ ಒಂದೊಂದಾಗಿ ಒಪ್ಪಿಸಿದಳು. ಕೆಂಪು ದಾರದ ಮಾತು ಹೇಳಿದಾಗ ಅವರು ತಲೆಯಾಡಿಸಿದರು. ಹಿಟ್ಟು ಎಲ್ಲಿಂದ ತರುತ್ತೀರಿ ಎಂದರು. ತಂಗಿಯ ಧ್ವನಿಯಲ್ಲಿ ಆಗಲೂ ಆ ಹಳೆಯ ಜಂಬ ಇಣುಕಿತು. ತರುವುದಿಲ್ಲ ಮೇಡಂ, ನಮ್ಮದೇ ಮಿಲ್ಲು, ದಿನಾ ಬೆಳಿಗ್ಗೆ ಬೇರೆ ಯಾರದ್ದೂ ಹಾಕುವ ಮುಂಚೆ ಇವರೇ ಮಗಳದ್ದು ಬೀಸುತ್ತಾರೆ ಎಂದಳು.

ಚೀಟಿಯಲ್ಲಿ ಸ್ವಂತ ವ್ಯಾಪಾರ ಎಂದಷ್ಟೇ ಓದಿದ್ದ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವನ ಕಡೆ ತಿರುಗಿ, “ಹಿಂದಿನ ದಿನ ಸಂಜೆ ಕೊನೆಗೆ ಏನು ಬೀಸಿರ್ತೀರಿ?” ಎಂದರು.

ಅವನು ಉತ್ತರ ಹೇಳಲು ಬಾಯಿ ತೆರೆದ. ನಮ್ಮ ಬೀದಿಯಲ್ಲಿ ಸಂಜೆ ಬರುವುದೆಲ್ಲ ಗೋಧಿಯೇ. ಕಲ್ಲುಗಳ ನಡುವೆ ಒಂದು ಹಿಡಿ ಹಿಟ್ಟು ಯಾವಾಗಲೂ ಉಳಿಯುತ್ತದೆ, ಅದು ಮುಂದಿನವರ ಡಬ್ಬಕ್ಕೆ ಬೀಳುತ್ತದೆ. ಇದು ಮಿಲ್ಲಿನವರಿಗೆ ಗೊತ್ತಿಲ್ಲದ ಗುಟ್ಟಲ್ಲ, ಗಿರಾಕಿಗಳಿಗೂ ಗೊತ್ತು. ಬೆಳಿಗ್ಗೆ ಮೊದಲು ಹಾಕಿದವರಿಗೆ ಹಿಂದಿನ ಸಂಜೆಯದೆಲ್ಲ ಬರುತ್ತದೆ. ಪೊರಕೆ ಆಡಿಸಿದರೆ ಕಲ್ಲಿನ ಹಲ್ಲುಗಳ ಒಳಗಿನದು ಬರುವುದಿಲ್ಲ, ಅದನ್ನು ಮುಂದಿನ ಕಾಳೇ ತಳ್ಳಿ ತರಬೇಕು. ತಳ್ಳಿ ತಂದದ್ದು ಗುಬ್ಬಿಯ ಜೋಳ. ಅವನ ಲೆಕ್ಕದಲ್ಲಿ ಅದು ಗೋಧಿಯಲ್ಲ, ಧೂಳು. ಮಿಲ್ಲಿನಲ್ಲಿ ಹುಟ್ಟಿ ಬೆಳೆದವನಿಗೆ ಹಿಟ್ಟು ಎಂದರೆ ಡಬ್ಬದಲ್ಲಿರುವುದು. ರೆಪ್ಪೆಯ ಮೇಲೆ, ತೋಳಿನ ಮೇಲೆ, ತೆರೆದ ಬಾಗಿಲಿನಿಂದ ಅಡುಗೆಮನೆಯವರೆಗೆ ಹಾರಿ ಗಂಜಿಯ ಮೇಲೆ ಕೂರುವುದೆಲ್ಲ ಬರೀ ಧೂಳು. ನಾವು ಮೂವರೂ ಅದನ್ನು ಹಾಗೆಯೇ ನೋಡಿದ್ದೆವು.

“ಗೋಧಿ,” ಎಂದ. ಆಮೇಲೆ ತನ್ನ ತೋಳುಗಳನ್ನು ನೋಡಿಕೊಂಡ. ಮಗಳನ್ನು ಎತ್ತಿ ತಂದ ತೋಳುಗಳು, ಮೊಣಕೈವರೆಗೆ ಬೆಳ್ಳಗಿದ್ದವು.

ಅಂದಿನಿಂದ ಅವನು ವಾರ್ಡಿನೊಳಗೆ ಕಾಲಿಡಲಿಲ್ಲ. ಮಿಲ್ಲಿಗೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ಮೆಷಿನ್ನಿನ ಮೇಲೆ ಇಟ್ಟು ಹೋದ. ಕೂದಲನ್ನು ಬುಡದವರೆಗೆ ಕತ್ತರಿಸಿಕೊಂಡ, ಆಸ್ಪತ್ರೆಯ ನಲ್ಲಿಯಲ್ಲಿ ದಿನಕ್ಕೆ ಮೂರು ಸಲ ಮೈ ತಿಕ್ಕಿಕೊಂಡ, ಹೊಸ ಅಂಗಿ ಹಾಕಿಕೊಂಡ, ಆದರೂ ಮೆಟ್ಟಿಲ ಮೇಲೇ ಕೂತ. ಒಳಗೆ ಗುಬ್ಬಿ ಅಪ್ಪ ಎಂದು ಕರೆಯುವುದು ಮೆಟ್ಟಿಲವರೆಗೆ ಕೇಳುತ್ತಿತ್ತು. ಅವನು ಕಿವಿ ಮುಚ್ಚಿಕೊಳ್ಳುತ್ತಿದ್ದ. ತಂಗಿ ಆಸ್ಪತ್ರೆಯ ಹತ್ತಿರದ ಅಂಗಡಿಯಿಂದ ಇಡೀ ಅಕ್ಕಿ ತಂದು, ಕೆಂಪು ದಾರದ ತಪ್ಪಲೆಯಲ್ಲಿ ಗಂಜಿ ಕಾಯಿಸಿ ಚಮಚ ಚಮಚವಾಗಿ ಕುಡಿಸಿದಳು. ಕರುಳು ಎಷ್ಟು ಕೆಟ್ಟಿದೆಯೋ, ಎಷ್ಟು ಮರಳಿ ಬರುತ್ತದೋ ಈಗಲೇ ಹೇಳಲಾರೆ ಎಂದರು ಡಾಕ್ಟರಮ್ಮ. ಮೂರನೆಯ ದಿನ ತಂಗಿ ನನ್ನ ಕಡೆ ನೋಡದೆ, “ಅಕ್ಕ, ನೀನೇ ಹೋಗಿ ಹೇಳು,” ಎಂದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಅತ್ತೆಯ ಮಗಳ ಮನೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ದಾರಿಯುದ್ದಕ್ಕೂ ಹೇಗೆ ಶುರುಮಾಡಲಿ ಎಂದು ಜೋಡಿಸಿಕೊಂಡೆ, ಯಾವುದೂ ನಿಲ್ಲಲಿಲ್ಲ. ಆಕೆ ಹಿತ್ತಲ ಕಲ್ಲಿನ ಮೇಲೆ ಒಬ್ಬರೇ ಕೂತಿದ್ದರು. ಇಲ್ಲಿಗೆ ಬಂದಾಗಿನಿಂದ ಒಲೆಯ ಹತ್ತಿರ ಹೋಗಿಲ್ಲ, ಮಕ್ಕಳಿಗೆ ನೀರು ಕೂಡ ಕೊಡುವುದಿಲ್ಲ, ಸುಮ್ಮನೆ ಕೈ ತೊಳೆಯುತ್ತಲೇ ಇರುತ್ತಾರೆ ಎಂದು ಮಗಳು ಬಾಗಿಲಲ್ಲೇ ನನಗೆ ಹೇಳಿದ್ದಳು. ಆ ಕೈಗಳು ಬಿರಿದು ಕೆಂಪಗಾಗಿದ್ದವು. ನನ್ನನ್ನು ಕಂಡು ಆಕೆ ಕೇಳಿದ್ದು ಒಂದೇ, ಮಗು ಇದೆಯಾ ಎಂದು.

ಇದೆ ಎಂದೆ. ಆಕೆಯ ಮುಂದೆ ನೆಲದ ಮೇಲೆ ಕೂತೆ. ನೀವು ಕೊಟ್ಟಿರಲಿಲ್ಲ ಅತ್ತೆ, ನಿಮ್ಮಿಂದ ಏನೂ ಆಗಿರಲಿಲ್ಲ ಎಂದೆ.

“ನಾನು ಕೊಟ್ಟಿರಲಿಲ್ವಾ?” ಎಂದು ಆಕೆ ನನ್ನನ್ನೇ ಕೇಳಿದರು. ತನ್ನ ಕೈ ಮಾಡಿದ್ದೋ ಬಿಟ್ಟಿದ್ದೋ ತನಗೇ ಗೊತ್ತಿಲ್ಲದ ಹಾಗೆ, ನಾನೇ ಹೇಳಬೇಕಾದ ಹಾಗೆ. ಅಷ್ಟು ಮಾಡಿಟ್ಟಿದ್ದೆ ನಾನು. ಇಲ್ಲ ಎಂದು ಮತ್ತೆ ಹೇಳಿದೆ, ಮತ್ತೆ ಮತ್ತೆ ಹೇಳಿದೆ, ಹೇಳುತ್ತ ಅತ್ತುಬಿಟ್ಟೆ.

ಹಾಗಾದರೆ ಹೇಗಾಯಿತು ಎಂದರು. ಹೇಳಿದೆ. ಬೆಳಗಿನ ಮೊದಲ ಹಿಟ್ಟು ಎಂದಷ್ಟೇ ಹೇಳಿದ್ದೆ, ಮಿಲ್ಲಿನಲ್ಲಿ ಬಾಳಿದ ಆಕೆಗೆ ಉಳಿದದ್ದು ಬೇಕಾಗಲಿಲ್ಲ. ಕಣ್ಣು ಮುಚ್ಚಿಕೊಂಡರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಆ ಒರಟು ಕೈಯಲ್ಲಿ ಅಷ್ಟು ಬಲ ಇದ್ದುದು ನನಗೆ ಗೊತ್ತಿರಲಿಲ್ಲ.

“ಅವನಿಗೆ ಹೇಳಬೇಡಿ ಕಣಮ್ಮ. ನಾನೇ ಕೊಟ್ಟೆ ಅಂತಲೇ ಇರ್ಲಿ. ನಂಗೇನು, ವಯಸ್ಸಾಯ್ತು.”

ಅವನಿಗೆ ಗೊತ್ತಾಗಿದೆ ಅತ್ತೆ, ಅವನ ಬಾಯಿಂದಲೇ ಬಂತು ಎಂದೆ.

ಆಕೆ “ಹಾಗಾದ್ರೆ ನಡಿ, ಅವನು ಊಟ ಮಾಡಿರಲ್ಲ,” ಎಂದು ಎದ್ದರು. ಗಂಟನ್ನೂ ಕಟ್ಟಿಕೊಳ್ಳಲಿಲ್ಲ.

ಆಸ್ಪತ್ರೆ ಸೇರಿದಾಗ ಇನ್ನೂ ಬಿಸಿಲಿತ್ತು. ಅವನು ಅದೇ ಮೆಟ್ಟಿಲ ಮೇಲೆ ಇದ್ದ. ತಾಯಿಯನ್ನು ಕಂಡು ಎದ್ದು ನಿಂತ. ಆಕೆ ಅವನನ್ನು ಮತ್ತೆ ಕೂರಿಸಿ, ಸೆರಗಿನ ತುದಿಯನ್ನು ನಲ್ಲಿಯ ನೀರಿನಲ್ಲಿ ಅದ್ದಿ ತಂದು, ಅವನ ತಲೆಯನ್ನು ಬಗ್ಗಿಸಿ ಹಿಡಿದುಕೊಂಡರು. ಎಷ್ಟು ತಿಕ್ಕಿಕೊಂಡಿದ್ದರೂ ಕಿವಿಯ ಹಿಂದಿನ ಮಡಿಕೆಯಲ್ಲಿ ತೆಳ್ಳನೆಯ ಬಿಳಿ ಗೆರೆ ಉಳಿದಿತ್ತು. ಮಿಲ್ಲಿನವರಿಗೆ ಅದು ಎಲ್ಲಿ ಉಳಿಯುತ್ತದೆ ಎಂದು ಆಕೆಗೆ ಗೊತ್ತು, ಗಂಡನ ಕಿವಿಯನ್ನೂ ಹಾಗೆಯೇ ಒರೆಸಿದ್ದವರು. ಒಂದು ಕಿವಿ ಆಯಿತು, ಇನ್ನೊಂದು ಆಯಿತು. ಆಮೇಲೆ ಹತ್ತು ಉಗುರುಗಳ ಸಂದಿಯನ್ನೂ ಒಂದೊಂದಾಗಿ ನೋಡಿದರು. ನಲವತ್ತರ ಗಂಡಸು ಶಾಲೆಗೆ ಹೊರಟ ಮಗುವಿನ ಹಾಗೆ ಕೈ ಮುಂದೆ ಚಾಚಿಕೊಂಡು ಕೂತಿದ್ದ, ಕಣ್ಣೀರು ಒರೆಸಿಕೊಳ್ಳಲೂ ಕೈ ಹಿಂದೆ ತೆಗೆಯಲಿಲ್ಲ.

“ಈಗ ಏನೂ ಇಲ್ಲ,” ಎಂದರು. “ಒಳಗೆ ಹೋಗು. ಮಗು ಕರೀತಿದೆ.”

ಅವನು ಎದ್ದ. ಬಾಗಿಲವರೆಗೆ ಹೋಗಿ ಒಮ್ಮೆ ತಿರುಗಿ ನೋಡಿದ, ನಿಜವಾಗಿಯೂ ಹೋಗಬಹುದಾ ಎನ್ನುವಂತೆ. ಆಕೆ ಹೋಗು ಎಂದು ಕೈ ಮಾಡಿದರು. ಅವನು ಹೋದ ಮೇಲೆ ಅದೇ ಮೆಟ್ಟಿಲ ಮೇಲೆ ಕೂತು, ಒದ್ದೆಯಾದ ಸೆರಗನ್ನು ಹಿಂಡತೊಡಗಿದರು. ನಾನು ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತೆ. ಆಕೆ ಸರಿದು ಇನ್ನಷ್ಟು ಜಾಗ ಕೊಟ್ಟರು.